ಬೇನೆಯ ಪದ್ಯ ಬರೆಯುವವರಿಗೆ

ಚಿತ್ರದುರ್ಗದ ಚಂದ್ರವಳ್ಳಿ ಕೆರೆಯ ದಂಡೆಯಲ್ಲಿ ಕೂತು ಹೆಣ್ಣುಮಕ್ಕಳು ಓದುವ ಪದ್ಯಗಳಲ್ಲಿ ಅರ್ಧಕ್ಕರ್ಧ ಕಾಯಿಲೆ, ದೇವರು, ಬಸಿರು-ಬಾಣಂತನದ್ದೇ. ಅವನ್ನು ತಿದ್ದುತ್ತ, ನನ್ನವನ್ನೂ ಬರೆಯುತ್ತ ಕಂಡುಕೊಂಡದ್ದು ಇಷ್ಟು.

1. ಮನೆಗೆಲಸದಿಂದ ಶುರು ಮಾಡಿ. ಕದಂಬರ ದೊರೆ ಮಯೂರಶರ್ಮ ಕೆರೆ ಕಟ್ಟಿಸಿದ್ದು ಇಲ್ಲಿನ ಬಂಡೆ ಶಾಸನದಲ್ಲಿದೆ. ಮಣ್ಣು ಹೊತ್ತವರು ಅದರಲ್ಲಿಲ್ಲ. ಪದ್ಯವೂ ಹಾಗೆ ದುಡಿಯುವವಳನ್ನು ಬಿಟ್ಟುಬಿಡಬಾರದು. 'ನೋವು, ನೋವು' ಎಂದು ಹತ್ತು ಸಾಲು ಬೇಡ. ಜ್ವರದಲ್ಲಿ ಮಲಗಿದವಳು ಅಲ್ಲಿಂದಲೇ "ಸಾರಿಗೆ ಉಪ್ಪು ಹಾಕಿದ್ಯೇನೇ?" ಎಂದು ಕೂಗಲಿ, ಸಾಕು.

2. ದೇವಿಯ ಜೊತೆ ಜಗಳ ಇರಲಿ. ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತವಳು ಬರೀ ಕೈಮುಗಿಯುವುದಿಲ್ಲ. "ಇನ್ನೇನು ಬೇಕೇ ತಾಯಿ ನಿಂಗೆ?" ಎಂದು ಗದರಲೂ ಬಲ್ಲಳು. ಅದನ್ನು ಬಿಟ್ಟ ಭಕ್ತಿಪದ್ಯ ಲಗ್ನಪತ್ರಿಕೆಯ ತಲೆಯ ಮೇಲಿನ ಶ್ಲೋಕದ ಹಾಗೆ, ಯಾರೂ ಓದುವುದಿಲ್ಲ. ಮಾತ್ರೆಯೂ ದೇವಿಯ ಭಂಡಾರವೂ ಒಂದೇ ಸೆರಗಿನ ಗಂಟಿನಲ್ಲಿದ್ದರೆ ಇದ್ದುಕೊಳ್ಳಲಿ.

3. ಕಾಡುಗೊಲ್ಲರ ಹಟ್ಟಿಯ ವಿಷಯ ಕಷ್ಟದ್ದು. ಮುಟ್ಟಾದವಳು, ಬಾಣಂತಿ ಹಟ್ಟಿಯ ಹೊರಗಿನ ಗುಡ್ಲಿನಲ್ಲಿ, ಅಂದರೆ ಗುಡಿಸಲಿನಲ್ಲಿ, ಇರಬೇಕೆಂಬುದು ಅವರ ಹಳೆಯ ಕಟ್ಟಳೆ. ಇಂಥದ್ದನ್ನು ಬಲವಂತವಾಗಿ ಹೇರುವುದು 2017ರ ಮೌಢ್ಯ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಗುಡ್ಲಿನಲ್ಲಿ ಕೂತವಳು ಬಲವಂತ ಎನ್ನದೆ "ನಮ್ಮ ದೇವರು ಜುಂಜಪ್ಪನಿಗೆ ಆಗಲ್ಲ" ಎಂದರೆ? ಅವಳ ಪರವಾಗಿ ಪೇಟೆಯ ಕವಿ ಸಿಟ್ಟಾಗುವುದು ಸುಲಭ. ಸಿಟ್ಟು ನನಗೂ ಇದೆ. ಆದರೆ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಪದ ಹಾಡಿದ್ದು ಇದೇ ಲೋಕದೊಳಗಿಂದ. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಸಿರಿಯಜ್ಜಿಯ ಪದಗಳನ್ನು ಸಂಗ್ರಹಿಸಿದ್ದಾರೆ. ಘೋಷಣೆ ಬರೆಯುವ ಮುಂಚೆ ಅವನ್ನು ಓದಿ. ಆಮೇಲೆ ಗುಡ್ಲಿನ ಚಳಿ ಬರೆಯಿರಿ, ಹಸುಗೂಸಿನ ಅಳು ಬರೆಯಿರಿ, ಅನ್ನದ ತಟ್ಟೆ ದೂರದಲ್ಲೇ ಇಟ್ಟು ಹೋಗುವ ಅತ್ತೆಯನ್ನೂ ಬರೆಯಿರಿ. ಅವಳೂ ಒಂದು ಕಾಲಕ್ಕೆ ಅಲ್ಲೇ ಮಲಗಿದ್ದವಳು.

4. ಕನಿಕರದಿಂದ ಓದಬೇಡಿ. ನಮ್ಮ ಜಿಲ್ಲೆಯ ಕವಿ ಬೆಳಗೆರೆ ಜಾನಕಮ್ಮ ಹುಟ್ಟಿದ್ದು 1912ರಲ್ಲಿ, ತೀರಿಕೊಂಡದ್ದು 1948ರಲ್ಲಿ. 'ಪಾಪ, ಚಿಕ್ಕ ವಯಸ್ಸು' ಎನ್ನುತ್ತಲೇ ಅವರ ಕವನ ಸಂಕಲನ 'ಕಲ್ಯಾಣ' ತೆರೆಯುವವರಿಗೆ ಅವರ ಕಸುಬುಗಾರಿಕೆ ಕಣ್ಣಿಗೆ ಬೀಳುವುದೇ ಇಲ್ಲ.

5. ಸ್ಕ್ಯಾನಿಂಗ್, ಡ್ರಿಪ್, ಕೀಮೋ: ಇವೂ ಈಗ ಕನ್ನಡವೇ. ಧಾರಾಳವಾಗಿ ಬಳಸಿ.

6. ಕೊನೆಯ ಸಾಲಿನಲ್ಲಿ ರೋಗಿ ಗುಣವಾಗಲೇಬೇಕೆಂದಿಲ್ಲ, ಭರವಸೆಯ ದೀಪವಂತೂ ಹಚ್ಚಲೇಬೇಡಿ. ಬರೆದದ್ದನ್ನು ರೋಗಿಯ ಆರೈಕೆ ಮಾಡಿದ ಯಾರಾದರೂ ಹೆಂಗಸಿಗೆ ಓದಿ ಹೇಳಿ. "ಹಂಗಲ್ಲ ಕಣವ್ವ" ಎಂದು ಆಕೆ ತಡೆದ ಕಡೆ ಪೆನ್ನಿಟ್ಟು ಗುರುತು ಹಾಕಿಕೊಳ್ಳಿ. ವಿಮರ್ಶಕರಿಗೆ ಆಮೇಲೆ ತೋರಿಸಿದರಾಯಿತು.