ಕನ್ನಡ ಸಂಖ್ಯಾಪದಗಳಲ್ಲಿ ಸ್ಥಾನಬೆಲೆ

ಅಂಕಿಗಳಲ್ಲಿ ಬರೆದ ಸಂಖ್ಯೆಯಲ್ಲಿ ಬರಿದಾದ ಸ್ಥಾನವನ್ನು ಸೊನ್ನೆ ಕಾಯುತ್ತದೆ. ಪದಗಳಲ್ಲಿ ಬರೆಯುವಾಗ ಸೊನ್ನೆಗೆ ಎಡೆಯಿಲ್ಲ. 1,005ರ ಎರಡು ಸೊನ್ನೆಗಳೂ ‘ಸಾವಿರದ ಐದು’ ಎಂಬಲ್ಲಿ ಮರೆಯಾಗುತ್ತವೆ. ಅವುಗಳ ಕೆಲಸವನ್ನು ‘ಸಾವಿರ’ ಎಂಬ ಸ್ಥಾನನಾಮವೂ ಅದಕ್ಕೆ ಹತ್ತಿದ ಷಷ್ಠೀ ಪ್ರತ್ಯಯವೂ ಹಂಚಿಕೊಳ್ಳುತ್ತವೆ. ಹೆಸರು ಸ್ಥಾನವನ್ನು ತಿಳಿಸಿದರೆ, ಪ್ರತ್ಯಯವು ಸಂಖ್ಯೆ ಇನ್ನೂ ಮುಗಿದಿಲ್ಲವೆಂದು ಸೂಚಿಸುತ್ತದೆ.

ಈ ಪ್ರತ್ಯಯದ ಮಹತ್ವವನ್ನು ನಾವು ಸಾಕಷ್ಟು ಗಮನಿಸಿಲ್ಲವೆಂದು ನನಗೆ ತೋರುತ್ತದೆ. ‘ಸಾವಿರದ ಆರು’ ಎಂದರೆ 1,006. ‘ಸಾವಿರಾರು’ ಎಂದರೆ ಎಷ್ಟೆಂದು ಹೇಳಲಾಗದಷ್ಟು. ‘ನೂರ ಆರು’ ನಿಶ್ಚಿತ, ‘ನೂರಾರು’ ಅನಿಶ್ಚಿತ. ನೂರೈದು, ನೂರೇಳು ಎಂದು ಸಂಧಿ ಮಾಡಿದರೆ ಅರ್ಥ ಕೆಡದು. ಆರರ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. (‘ನೂರೆಂಟು ಕೆಲಸ’ ಎನ್ನುವವರು 108ನ್ನು ಎಣಿಸಿರುವುದಿಲ್ಲವೆಂಬುದು ಬೇರೆ ಮಾತು.) ಇದು ಬರಿಯ ವ್ಯಾಕರಣದ ಸೂಕ್ಷ್ಮವಲ್ಲ. ಚೆಕ್ಕಿನಲ್ಲಿ ಅಂಕಿಗೂ ಪದಕ್ಕೂ ಹೊಂದಿಕೆಯಾಗದಿದ್ದರೆ ಪದಗಳಲ್ಲಿ ಬರೆದ ಮೊತ್ತವನ್ನೇ ಹಿಡಿಯಬೇಕೆಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 18ನೆಯ ಕಲಮು ವಿಧಿಸುತ್ತದೆ. ಅಲ್ಲಿ ‘ನೂರಾರು ರೂಪಾಯಿ’ ಎಂದು ಬರೆದವರು ಎಷ್ಟು ಕೊಟ್ಟಂತಾಯಿತು?

ಮುಂಬಯಿ, ಪುಣೆಗಳ ವಿದ್ಯಾರ್ಥಿಗಳಿಗೆ ಇನ್ನೊಂದು ತೊಡಕಿದೆ. ಅವರು ದಿನವೂ ಕೇಳುವ ಮರಾಠಿಯಲ್ಲಿ 25 ‘ಪಂಚವೀಸ’. ಐದು ಮೊದಲು, ಇಪ್ಪತ್ತು ಆಮೇಲೆ. ಕನ್ನಡದ ‘ಇಪ್ಪತ್ತೈದು’ ಅಂಕಿಗಳ ಕ್ರಮದಲ್ಲಿಯೇ ನಡೆಯುತ್ತದೆ. ದೊಡ್ಡ ಸ್ಥಾನದಿಂದ ಬಿಡಿಸ್ಥಾನದವರೆಗೆ ಎಲ್ಲಿಯೂ ಹಿಂದಿರುಗಿ ನೋಡಬೇಕಾಗಿಲ್ಲ. 2011ರ ಜನಗಣತಿಯಂತೆ ಭಾರತದಲ್ಲಿ ಕನ್ನಡವನ್ನು ಮಾತೃಭಾಷೆಯಾಗಿ ಉಳ್ಳವರು 4,37,06,512; ಎಂದರೆ ನಾಲ್ಕು ಕೋಟಿ ಮೂವತ್ತೇಳು ಲಕ್ಷದ ಆರು ಸಾವಿರದ ಐನೂರ ಹನ್ನೆರಡು ಜನ. ಇದನ್ನು ಕೇಳಿ ಅಂಕಿಯಲ್ಲಿ ಬರೆಯುವಾಗ ‘ಲಕ್ಷದ ಆರು ಸಾವಿರ’ ಎಂಬಲ್ಲಿ ಅಡಗಿರುವ ಸೊನ್ನೆಯನ್ನು ಮರೆತರೆ 43,76,512 ಉಳಿಯುತ್ತದೆ. ಸೊನ್ನೆಯೊಂದು ಜಾರಿದ್ದಕ್ಕೆ ಹತ್ತು ಮಂದಿ ಕನ್ನಡಿಗರಲ್ಲಿ ಒಂಬತ್ತು ಮಂದಿ ಲೆಕ್ಕದಿಂದ ಜಾರಿದಂತಾಯಿತು!

ಸ್ಥಾನನಾಮಗಳ ಮೂಲವೂ ಗಮನಾರ್ಹ. ಹತ್ತು, ನೂರು ದೇಶ್ಯ. ಹಳಗನ್ನಡದ ‘ಸಾಸಿರ’, ಇಂದಿನ ‘ಸಾವಿರ’ ತದ್ಭವ. ಲಕ್ಷ, ಕೋಟಿ ತತ್ಸಮ. ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದ ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ನಮ್ಮ ಆಡುಮಾತು ಕೋಟಿಯಲ್ಲಿಯೇ ನಿಂತಿದೆ. ಅದರಾಚೆ ಹೋಗಬೇಕಾದಾಗ ಹೊಸ ಹೆಸರನ್ನು ಹುಡುಕದೆ ‘ಸಾವಿರ ಕೋಟಿ’, ‘ಲಕ್ಷ ಕೋಟಿ’ ಎಂದು ಹಳೆಯ ಹೆಸರುಗಳನ್ನೇ ಮತ್ತೆ ಏರಿಸುತ್ತೇವೆ.