ಇದು ಕನಸು ಎಂದು ಗೊತ್ತಾದ ಮೇಲೆ

ಪ್ರಶ್ನೆ: ಡಾಕ್ಟರೇ, ನನಗೆ 24 ವರ್ಷ, ಸಾಫ್ಟ್‌ವೇರ್ ಕೆಲಸ. ಆಗಾಗ ಬೆಳಗಿನ ಜಾವ ಕನಸು ಬೀಳುತ್ತಿರುವಾಗಲೇ ‘ಅರೆ, ಇದು ಕನಸು’ ಎಂದು ಹೊಳೆಯುತ್ತದೆ. ಖುಷಿಯಾಗುವಷ್ಟರಲ್ಲಿ ಎಲ್ಲ ಮಸುಕಾಗಿ ಎಚ್ಚರವಾಗಿಬಿಡುತ್ತದೆ. ಕನಸು ಉಳಿದರೂ ನಾನು ಹೇಳಿದಂತೆ ಕೇಳುವುದಿಲ್ಲ. ಹಾರಲು ಹೋದರೆ ಮೊಣಕಾಲೆತ್ತರಕ್ಕೆ ಎದ್ದು ಅಲ್ಲೇ ನಿಲ್ಲುತ್ತೇನೆ. ಇದು ಮಾನಸಿಕ ಕಾಯಿಲೆಯೇ? ಸ್ಪಷ್ಟತೆ, ಹಿಡಿತ ಎರಡೂ ಹೆಚ್ಚಬೇಕಾದರೆ ಏನು ಮಾಡಬೇಕು? ಗೆಳೆಯನೊಬ್ಬ ಗ್ಯಾಲಂಟಮೈನ್ ಮಾತ್ರೆ ತರಿಸಿಕೊಡುತ್ತೇನೆ ಎನ್ನುತ್ತಿದ್ದಾನೆ.
– ಹೆಸರು ಬೇಡ, ಬೆಂಗಳೂರು

ಉತ್ತರ: ಕಾಯಿಲೆ ಅಲ್ಲ, ಆ ಚಿಂತೆ ಬಿಡಿ. ಕನಸಿನೊಳಗೇ ಇದು ಕನಸೆಂಬ ಅರಿವು ಮೂಡುವುದಕ್ಕೆ ಲೂಸಿಡ್ ಡ್ರೀಮ್ ಎನ್ನುತ್ತಾರೆ. ಐವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಲೆಕ್ಕ ಹಾಕಿದಾಗ, ಅರ್ಧಕ್ಕಿಂತ ತುಸು ಹೆಚ್ಚು ಜನರಿಗೆ ಒಮ್ಮೆಯಾದರೂ ಇಂಥ ಕನಸು ಬಿದ್ದಿರುತ್ತದೆ ಎಂದು ಕಂಡುಬಂತು.

ಬಹಳ ಕಾಲ ವಿಜ್ಞಾನಿಗಳೇ ಇದನ್ನು ನಂಬಿರಲಿಲ್ಲ. ನಿದ್ದೆಯ ನಡುವೆ ಅರೆಗಳಿಗೆ ಎಚ್ಚರಾಗಿರಬೇಕು ಎಂದು ತಳ್ಳಿಹಾಕುತ್ತಿದ್ದರು. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಒಂದು ಉಪಾಯ ಮಾಡಿದರು. ಕನಸುಗಳು ದಟ್ಟವಾಗಿ ಬೀಳುವ ರೆಮ್ ನಿದ್ದೆಯಲ್ಲಿ ಕೈಕಾಲಿನ ಸ್ನಾಯುಗಳು ಸತ್ವ ಕಳೆದುಕೊಂಡಿರುತ್ತವೆ, ಕಣ್ಣಿನ ಸ್ನಾಯುಗಳು ಮಾತ್ರ ಓಡಾಡಿಕೊಂಡಿರುತ್ತವೆ. ಅಲನ್ ವರ್ಸ್ಲಿ ಎಂಬವರು ಕನಸಿನಲ್ಲಿ ಅರಿವು ಬಂದೊಡನೆ, ಮೊದಲೇ ಮಾತಾಡಿಕೊಂಡಂತೆ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿದರು. ಯಂತ್ರದಲ್ಲಿ ಆ ಸನ್ನೆ ದಾಖಲಾಯಿತು. ಮಿದುಳಿನ ಅಲೆಗಳು ನಿದ್ದೆಯವೇ ಆಗಿದ್ದವು. 2021ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಂತೂ ಮಲಗಿದವರಿಗೆ ಸಣ್ಣ ಕೂಡು-ಕಳೆ ಲೆಕ್ಕ ಕೇಳಿ, ಅವರಲ್ಲಿ ಕೆಲವರಿಂದ ಕಣ್ಣಿನ ಸನ್ನೆಯಲ್ಲೇ ಸರಿಯುತ್ತರ ಪಡೆದಿದ್ದಾರೆ.

ನಿಮ್ಮ ತೊಂದರೆಗೆ ಕಾರಣ ನಿಮ್ಮ ಪತ್ರದಲ್ಲೇ ಇದೆ: ಖುಷಿ. ಉದ್ವೇಗ ಏರಿದರೆ ದೇಹ ಎಚ್ಚರದ ಕಡೆಗೆ ವಾಲುತ್ತದೆ. ಆದ್ದರಿಂದ ಅರಿವು ಬಂದ ಮೊದಲ ಕ್ಷಣಗಳಲ್ಲಿ ಹಾರುವ ಯೋಚನೆಯೇ ಬೇಡ. ನಿಂತಲ್ಲೇ ನಿಂತು ಕನಸಿನ ಅಂಗೈಗಳನ್ನು ಒಂದಕ್ಕೊಂದು ಉಜ್ಜಿ. ಪಕ್ಕದಲ್ಲಿ ಗೋಡೆಯಿದ್ದರೆ ಮುಟ್ಟಿ, ಒರಟೋ ನುಣುಪೋ ನೋಡಿ. ಸ್ಟ್ಯಾನ್‌ಫರ್ಡ್‌ನಲ್ಲಿ ಈ ವಿಷಯದ ಮೇಲೆ ಕೆಲಸ ಮಾಡಿದ ಸ್ಟೀಫನ್ ಲಬರ್ಜ್ ಹೇಳಿಕೊಟ್ಟ ಉಪಾಯಗಳಲ್ಲಿ ಕೈ ಉಜ್ಜುವುದೂ ಒಂದು, ನಿಂತಲ್ಲೇ ಬುಗುರಿಯಂತೆ ಸುತ್ತುವುದು ಇನ್ನೊಂದು. ಕನಸಿನ ಕೈಕಾಲುಗಳಿಗೆ ಕೆಲಸ ಕೊಟ್ಟರೆ ಹಾಸಿಗೆಯಲ್ಲಿರುವ ದೇಹದ ಕಡೆ ಗಮನ ಜಾರುವುದಿಲ್ಲ ಎಂಬುದು ಇದರ ಹಿಂದಿನ ತರ್ಕ. ಒಂದೇ ವಸ್ತುವನ್ನು ದಿಟ್ಟಿಸುತ್ತ ನಿಲ್ಲಬೇಡಿ. ಕಣ್ಣು ಅತ್ತಿತ್ತ ಓಡಾಡುತ್ತಿರಲಿ.

ಹಿಡಿತದ ಮಾತು ಬೇರೆ. ಅರಿವು ಬಂದರೆ ಹಿಡಿತವೂ ಬಂದಂತೆ ಎಂದು ಯೂಟ್ಯೂಬ್‌ನವರು ಹೇಳುತ್ತಾರೆ, ಹಾಗೇನಿಲ್ಲ. ಇದು ಕನಸೆಂದು ಚೆನ್ನಾಗಿ ಗೊತ್ತಿದ್ದೂ ಏನನ್ನೂ ಬದಲಿಸಲಾಗದವರು ಬೇಕಾದಷ್ಟು ಜನ. ಕನಸು ನಮ್ಮ ಆಜ್ಞೆಗಿಂತ ನಮ್ಮ ನಿರೀಕ್ಷೆಯನ್ನು ಹೆಚ್ಚು ಪಾಲಿಸುತ್ತದೆ. ‘ಹಾರಬೇಕು’ ಎನ್ನುವಾಗಲೇ ‘ಆಗುತ್ತೋ ಇಲ್ಲವೋ’ ಎಂಬ ಅನುಮಾನ ಜೊತೆಗಿದ್ದರೆ ಗೆಲ್ಲುವುದು ಅನುಮಾನ. ನೀವು ಮೊಣಕಾಲೆತ್ತರದಲ್ಲಿ ನಿಂತದ್ದು ಬಹುಶಃ ಅದಕ್ಕೇ. ಗಾಳಿಯಿಂದ ಊರನ್ನೇ ಸೃಷ್ಟಿಸಲು ಹೋಗದೆ, ‘ಈ ಬಾಗಿಲಾಚೆ ನಮ್ಮೂರ ಕೆರೆ ಏರಿ ಇದೆ’ ಎಂದುಕೊಂಡು ಬಾಗಿಲು ತೆರೆದು ನೋಡಿ; ಬಾಗಿಲಾಚೆ ಏನಾದರೂ ಇದ್ದೇ ಇರುತ್ತದೆ ಎಂಬ ನಂಬಿಕೆ ಮನಸ್ಸಿಗೆ ಸಲೀಸು. ಕೆಲವು ಸಂಗತಿಗಳು ಹಟ ಮಾಡುತ್ತವೆ. ಸ್ವಿಚ್ ಒತ್ತಿದರೆ ಕತ್ತಲೆಯ ಕೋಣೆ ಒಮ್ಮೆಲೇ ಬೆಳಕಾಗುವುದು ಕನಸಿನಲ್ಲಿ ಕಷ್ಟ ಎಂದು ಹರ್ನ್ ಅವರೇ ಗಮನಿಸಿದ್ದರು. ನನ್ನನ್ನು ಕೇಳಿದರೆ, ದೃಶ್ಯವನ್ನು ಬದಲಿಸುವುದಕ್ಕಿಂತ ಅದರೊಳಗೆ ನಾನು ಏನು ಮಾಡುತ್ತೇನೆ ಎಂಬುದರ ಮೇಲಿನ ಹಿಡಿತ ದೊಡ್ಡದು, ಉಪಯೋಗದ್ದು ಕೂಡ.

ಹಗಲಿನ ತಯಾರಿ ಸರಳ. ಎದ್ದ ಕೂಡಲೇ ಮೊಬೈಲ್ ಹಿಡಿಯದೆ, ಮಗ್ಗುಲು ಬದಲಿಸದೆ ಕನಸನ್ನು ನೆನೆದು, ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹೊತ್ತಲ್ಲದ ಹೊತ್ತಿನಲ್ಲಿ ಎಚ್ಚರವಾದರೆ ಆಗಷ್ಟೇ ಬಿದ್ದ ಕನಸನ್ನು ಮೆಲುಕು ಹಾಕುತ್ತ, ‘ಮುಂದಿನ ಸಲ ಇದು ಕನಸೆಂದು ಗುರುತಿಸುತ್ತೇನೆ’ ಎಂದುಕೊಂಡು ನಿದ್ದೆಗೆ ಜಾರಿ. ಐದು ಗಂಟೆ ಮಲಗಿ, ಅಲಾರಂ ಇಟ್ಟು ಎದ್ದು, ಸ್ವಲ್ಪ ಹೊತ್ತು ಕೂತು ಮತ್ತೆ ಮಲಗುವ ವಿಧಾನ ಪರಿಣಾಮಕಾರಿ, ಏಕೆಂದರೆ ರೆಮ್ ನಿದ್ದೆಯ ಹೆಚ್ಚಿನ ಪಾಲು ಇರುಳಿನ ಕೊನೆಯ ಭಾಗದಲ್ಲಿದೆ. ಆದರೆ ಮಾರನೆಯ ದಿನ ರಜೆಯಿದ್ದರೆ ಮಾತ್ರ. ಬೈಕಿನಲ್ಲಿ ಆಫೀಸಿಗೆ ಹೋಗುವ ಹುಡುಗರು ದಿನಾ ನಿದ್ದೆ ಕತ್ತರಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಹೀಗೆ ಮುರಿದ ನಿದ್ದೆಯಲ್ಲಿ ಕೆಲವರಿಗೆ ಕಣ್ಣು ಬಿಟ್ಟರೂ ಮೈ ಅಲುಗಾಡದೆ, ಎದೆಯ ಮೇಲೆ ಯಾರೋ ಕೂತಂತಾಗುತ್ತದೆ. ದೆವ್ವವಲ್ಲ, ರೆಮ್ ನಿದ್ದೆಯ ಸ್ನಾಯು ಸಡಿಲಿಕೆ ಎಚ್ಚರವಾದ ಮೇಲೂ ತುಸು ಹೊತ್ತು ಉಳಿದಿರುವುದು. ತಾನಾಗಿ ಹೋಗುತ್ತದೆ.

ಮಾತ್ರೆ ಬೇಡ. ಗ್ಯಾಲಂಟಮೈನ್ ಇರುವುದು ಅಲ್ಜೈಮರ್ಸ್ ರೋಗಿಗಳಿಗೆ. 2018ರ ಅಧ್ಯಯನವೊಂದರಲ್ಲಿ ಅದರಿಂದ ಇಂಥ ಕನಸು ಹೆಚ್ಚಿದ್ದು ನಿಜ. ಆದರೆ ವಾಕರಿಕೆ ಬರುತ್ತದೆ, ಹೃದಯದ ಬಡಿತ ನಿಧಾನವಾಗಬಹುದು, ಆಸ್ತಮಾ ಇದ್ದವರಿಗೆ ಅಪಾಯ. ಒಂದು ಕನಸಿಗಾಗಿ ಇಷ್ಟೆಲ್ಲ ಏಕೆ? ಕನಸು ಚೆನ್ನಾಗಿ ನೆನಪಿರಲಿ ಎಂದು ಬಿ6 ವಿಟಮಿನ್ ಹೆಚ್ಚು ಪ್ರಮಾಣದಲ್ಲಿ ಬಹುಕಾಲ ನುಂಗಿದರೆ ನರಗಳಿಗೇ ಪೆಟ್ಟು.

ನಿಮಗಾಗಲಿ ಮನೆಯಲ್ಲಿ ಯಾರಿಗಾಗಲಿ ಬೈಪೋಲಾರ್, ಸ್ಕಿಜೋಫ್ರೇನಿಯಾ ಇದ್ದರೆ, ಅಥವಾ ನಿಮಗೆ ಹಗಲಿನಲ್ಲೂ ಸುತ್ತಲಿನದು ನಿಜವೋ ಅಲ್ಲವೋ ಎನಿಸುತ್ತಿದ್ದರೆ ಈ ಅಭ್ಯಾಸ ನಿಲ್ಲಿಸಿ ಮನೋವೈದ್ಯರನ್ನು ಕಾಣಿ. ಫಿಟ್ಸ್ ಇರುವವರಂತೂ ನಿದ್ದೆ ಮುರಿದುಕೊಳ್ಳಲೇಬಾರದು.

ಪ್ರಶ್ನೆ: ಅಪಘಾತವಾದಾಗಿನಿಂದ ಅದೇ ಲಾರಿ ಎದುರಿಗೆ ಬರುವ ಕನಸು. ಬೆಚ್ಚಿ ಎದ್ದರೆ ಮತ್ತೆ ನಿದ್ದೆಯಿಲ್ಲ. ಕನಸಿನೊಳಗೇ ಅದನ್ನು ತಡೆಯಲು ಕಲಿಯಬಹುದೇ? ವಯಸ್ಸು 38.
– ಗೃಹಿಣಿ, ದಾವಣಗೆರೆ

ಉತ್ತರ: ಕಲಿಯಬಹುದು ತಾಯಿ, ಆದರೆ ಮೊದಲ ದಾರಿ ಅದಲ್ಲ. ಹಗಲು ಹೊತ್ತಿನಲ್ಲೇ ಮಾಡುವ ಚಿಕಿತ್ಸೆಯೊಂದಿದೆ. ಆ ಕನಸನ್ನು ಬರೆದು, ಅದರ ತಿರುವನ್ನು ನಿಮಗೆ ಬೇಕಾದಂತೆ ಬದಲಿಸಿ (ಲಾರಿ ದೂರದಲ್ಲೇ ನಿಂತಿತು, ನೀವು ಇಳಿದು ಎಳನೀರು ಕುಡಿದಿರಿ, ಏನಾದರೂ ಸರಿ), ಆ ಹೊಸ ಕತೆಯನ್ನು ದಿನಾ ಹತ್ತಿಪ್ಪತ್ತು ನಿಮಿಷ ಕಣ್ಣಮುಂದೆ ತಂದುಕೊಳ್ಳುವುದು. ಹಳೆಯದನ್ನು ಮತ್ತೆ ಮತ್ತೆ ನೆನೆಯುವ ಅಗತ್ಯವಿಲ್ಲ. ಎಷ್ಟೋ ಜನರಿಗೆ ಕೆಲವೇ ವಾರಗಳಲ್ಲಿ ಕನಸಿನ ಕಾಟ ಇಳಿಯುತ್ತದೆ. ಆದರೆ ನಿಮಗೆ ಹಗಲಲ್ಲೂ ಆ ದೃಶ್ಯ ನುಗ್ಗಿ ಬರುತ್ತಿದ್ದರೆ, ರಸ್ತೆಗಿಳಿಯಲು ಭಯವಾಗುತ್ತಿದ್ದರೆ ಒಬ್ಬರೇ ಮಾಡಬೇಡಿ. ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ಜೊತೆ ಮಾಡಿ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ 63. ನಿದ್ದೆಯಲ್ಲಿ ಕೂಗಿ, ಒದ್ದು, ಹೋದ ವಾರ ಮಂಚದಿಂದ ಬಿದ್ದರು. ಕಳ್ಳನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದೆ ಅಂದರು.
– ಓದುಗರು, ಶಿರಸಿ

ಉತ್ತರ: ಇದನ್ನು ತಮಾಷೆಯೆಂದು ಬಿಡಬೇಡಿ. ರೆಮ್ ನಿದ್ದೆಯಲ್ಲಿ ಸಡಿಲವಾಗಬೇಕಾದ ಸ್ನಾಯುಗಳು ಸಡಿಲವಾಗದೆ, ಕನಸು ಕೈಕಾಲಿಗೆ ಇಳಿದಿರಬಹುದು. ಈ ವಯಸ್ಸಿನಲ್ಲಿ ಇದು ಕೆಲವರಿಗೆ ಮುಂದೆ ಬರಬಹುದಾದ ಪಾರ್ಕಿನ್ಸನ್ಸ್‌ನಂಥ ಕಾಯಿಲೆಯ ಮುನ್ಸೂಚನೆ. ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಆಗುತ್ತದೆ. ನರರೋಗ ತಜ್ಞರಿಗೆ ತೋರಿಸಿ. ಇಡೀ ರಾತ್ರಿಯ ನಿದ್ದೆ ಪರೀಕ್ಷೆ ಬೇಕಾಗಬಹುದು. ಅಲ್ಲಿಯತನಕ ನೆಲದ ಮೇಲೆ ಹಾಸಿಗೆ ಹಾಸಿ, ಪಕ್ಕದಲ್ಲಿ ಗಾಜು, ಮೇಜಿನ ಮೂಲೆ ಇರದಂತೆ ನೋಡಿಕೊಳ್ಳಿ, ನೀವು ಸ್ವಲ್ಪ ದೂರ ಮಲಗಿ. ಒದೆಯುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು, ಅವರು ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಜೊತೆಗೆ ಒಯ್ಯಿರಿ.