ಚೀನೀಯರ ಹಬೆಯ ಬಾಳೆಹಣ್ಣಿನ ಕೇಕು

ಸಿಪ್ಪೆ ಕಪ್ಪಾದ ಬಾಳೆಹಣ್ಣನ್ನು ಕೊಳ್ಳುವವರಿಲ್ಲವೆಂದು ತಿಪ್ಪೆಗೆ ಎಸೆಯುವುದು ಬೆಳೆಗಾರನಿಗೆ ಬರಿಯ ನಷ್ಟ. ಪಿಷ್ಟವು ಸಕ್ಕರೆಯಾಗಿ ಮಾರ್ಪಟ್ಟು ಆ ಹಣ್ಣಿನಲ್ಲಿಯೇ ಸಿಹಿಯು ಹೆಚ್ಚಾಗಿರುವುದು. ಮಲೇಷಿಯದ ಚೀನೀಯರು ಇದರಿಂದ ಮೊಟ್ಟೆಯೂ ಯೀಸ್ಟೂ ಇಲ್ಲದೆ ಹಬೆಯ ಕೇಕನ್ನು ಮಾಡುವರು.

ಸುಲಿದ ಹಣ್ಣು 300 ಗ್ರಾಂ ಕಿವುಚಿ, ಸಕ್ಕರೆ 80 ಗ್ರಾಂ, ಎಣ್ಣೆ 50 ಮಿ.ಲೀ. ಕಲಸತಕ್ಕದ್ದು. ಮೈದಾ 200 ಗ್ರಾಂ, ಬೇಕಿಂಗ್ ಪೌಡರ್ 2 ಸಣ್ಣ ಚಮಚ, ಇವನ್ನು ಜರಡಿಯಾಡಿ ಹಗುರವಾಗಿ ಸೇರಿಸತಕ್ಕದ್ದು. ತೇವ ಸೋಕಿದೊಡನೆ ಪೌಡರು ಇಂಗಾಲಾಮ್ಲ ವಾಯುವನ್ನು ಬಿಡತೊಡಗುವುದರಿಂದ, ತಡಮಾಡದೆ ಸಣ್ಣ ಬಟ್ಟಲುಗಳಲ್ಲಿ ತುಂಬಿ, ಮರಳುವ ನೀರಿನ ಹಬೆಯಲ್ಲಿ 15-20 ನಿಮಿಷ ಬೇಯಿಸಬೇಕು. ಮುಚ್ಚಳಕ್ಕೆ ಬಟ್ಟೆ ಕಟ್ಟಿದರೆ ಹನಿ ಬೀಳದು. ನಡುವೆ ತೆರೆದರೆ ಕೇಕು ಕುಸಿಯುವುದು. ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಬೆಂದಿತೆಂದು ತಿಳಿಯತಕ್ಕದ್ದು.

ಬೂಷ್ಟು ಹಿಡಿದ ಹಣ್ಣನ್ನು ಮಾತ್ರ ಬಳಸಕೂಡದು. ಗ್ರಾಮದ ಮುಖಂಡರು ಒಮ್ಮೆ ಮಾಡಿಸಿ ತೋರಿಸುವುದು ಮೇಲು.